ನರೆ ಕಂಡವರು ಹೊರಡಬೇಕಿಲ್ಲ

ಜನ್ನನ ‘ಯಶೋಧರ ಚರಿತೆ’ ಪಾಠ ಮಾಡುವಾಗ ಮಕ್ಕಳು ತಬ್ಬಿಬ್ಬಾಗುವ ಜಾಗ ಒಂದಿದೆ. ಯಶೋಧರನ ರಾಣಿ ಅಮೃತಮತಿ ಮಾವುತ ಅಷ್ಟಾವಂಕನಿಗೆ ಮನಸೋಲುವ ಭಾಗಕ್ಕೆ ಎಲ್ಲರೂ ಸಿದ್ಧರಾಗಿಯೇ ಬಂದಿರುತ್ತಾರೆ. ಅದರ ಸುದ್ದಿ ಹಿಂದಿನ ವರ್ಷದವರಿಂದ ಮೊದಲೇ ಸಿಕ್ಕಿರುತ್ತದೆ. ಅವರು ಬೆರಗಾಗುವುದು ಅದಕ್ಕೂ ಮುಂಚೆ, ಯಶೋಧರನ ತಂದೆ ಯಶೌಘ ತನ್ನ ತಲೆಯಲ್ಲಿ ನರೆ ಕಂಡು, ಮಗನಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೊರಟುಬಿಡುವಲ್ಲಿ. “ಒಂದು ಬಿಳಿ ಕೂದಲಿಗೆ ರಾಜ್ಯ ಬಿಟ್ಟುಬಿಟ್ನಾ ಮೇಡಂ?” ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಶಿವಮೊಗ್ಗದ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಾ ನನ್ನ ತಲೆಯೂ ನರೆತಿದೆ. ಆ ಪ್ರಶ್ನೆಗೆ ಒಂದು ಪೀರಿಯಡ್ಡಿನಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಜನ್ನ ಕಾವ್ಯ ಮುಗಿಸಿದ್ದು 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ. ಕಥೆ ಮಾತ್ರ ಅವನಿಗಿಂತ ಹಳೆಯದು. 959ರಲ್ಲಿ ಸೋಮದೇವಸೂರಿ ಇದನ್ನು ಸಂಸ್ಕೃತದ ‘ಯಶಸ್ತಿಲಕ’ದಲ್ಲಿ ಹೇಳಿದ್ದ, ಅಲ್ಲೂ ದೊರೆ ಹೊರಡುವುದು ಬಿಳಿ ಕೂದಲು ಕಂಡ ಮೇಲೆಯೇ. ಇನ್ನೂ ಹಿಂದಕ್ಕೆ ಹೋದರೆ ಬೌದ್ಧರ ಜಾತಕ ಕಥೆಗಳಲ್ಲಿ ಮಿಥಿಲೆಯ ಮಖಾದೇವ ಸಿಗುತ್ತಾನೆ. ತಲೆಯಲ್ಲಿ ನರೆ ಕಂಡ ದಿನ ತಿಳಿಸು ಎಂದು ಅವನು ತನ್ನ ಕ್ಷೌರಿಕನಿಗೆ ಹೇಳಿಟ್ಟಿರುತ್ತಾನೆ. ಬಹಳ ಕಾಲದ ನಂತರ ಕಪ್ಪು ಕೂದಲ ನಡುವೆ ಒಂದು ಬಿಳಿ ಎಳೆ ಕಾಣುತ್ತದೆ. ಕ್ಷೌರಿಕ ಚಿನ್ನದ ಚಿಮಟದಿಂದ ಅದನ್ನು ಕಿತ್ತು ದೊರೆಯ ಅಂಗೈಯಲ್ಲಿಡುತ್ತಾನೆ. ಕಥೆಯ ಲೆಕ್ಕದಲ್ಲಿ ದೊರೆಗೆ ಇನ್ನೂ 84,000 ವರ್ಷ ಆಯುಸ್ಸಿತ್ತು. ಆದರೂ ಸಾವು ಬಂದು ಎದುರಿಗೆ ನಿಂತಿತೆಂಬಂತೆ ಬೆವರಿ, ಕ್ಷೌರಿಕನಿಗೆ ಒಂದು ಊರನ್ನೇ ಉಂಬಳಿ ಕೊಟ್ಟು, ಹಿರಿಯ ಮಗನನ್ನು ಕರೆದು ರಾಜ್ಯ ಒಪ್ಪಿಸಿ ಹೊರಡುತ್ತಾನೆ. ಕ್ರಿಸ್ತಪೂರ್ವ ಕಾಲದ ಭಾರ್ಹುತ್ ಸ್ತೂಪದಲ್ಲಿ ಈ ಕಥೆಯ ಕೆತ್ತನೆ ಇದೆ, ಕೆತ್ತನೆಗೆ ಕಥೆಯ ಹೆಸರೂ ಇದೆ. ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಜನ ಒಂದು ನರೆಗೂದಲನ್ನು ಕಲ್ಲಿನಲ್ಲಿ ಕಡೆದಿಡುವಷ್ಟು ದೊಡ್ಡ ಸಂಗತಿ ಎಂದು ತಿಳಿದಿದ್ದರು.

ಕಾಳಿದಾಸನ ‘ರಘುವಂಶ’ದಲ್ಲಿ ಮುಪ್ಪು ನರೆಯ ವೇಷದಲ್ಲಿ ದಶರಥನ ಕಿವಿಯ ಬಳಿ ಬಂದು, ರಾಮನಿಗೆ ಪಟ್ಟ ಕಟ್ಟು ಎಂದು ಪಿಸುಗುಟ್ಟುತ್ತದೆ, ಕೈಕೇಯಿಗೆ ಕೇಳಿಸೀತೆಂಬ ಭಯದಲ್ಲಿ. ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ಮಗನಿಗೊಬ್ಬ ಮಗ ಇವನ್ನು ಕಂಡ ಗೃಹಸ್ಥ ಕಾಡಿನ ದಾರಿ ಹಿಡಿಯಬೇಕು ಎಂದು ಮನುಸ್ಮೃತಿ ವಿಧಿಸುತ್ತದೆ. ಬಸವಣ್ಣನವರು ಕಾಡಿಗೆ ಹೋಗೆನ್ನಲಿಲ್ಲ. ನರೆ ಕೆನ್ನೆಗಿಳಿಯುವ ಮೊದಲೇ ಕೂಡಲಸಂಗಯ್ಯನನ್ನು ಪೂಜಿಸು ಎಂದರು. ದಾರಿ ಬೇರೆಯಾದರೂ ಅಲ್ಲಿಯೂ ನರೆ ಎಚ್ಚರಿಕೆಯ ಗಂಟೆಯೇ. ಸಂದೇಶ ಎಲ್ಲ ಕಡೆ ಒಂದೇ: ನಿನ್ನ ಹೊತ್ತು ಮುಗಿಯುತ್ತಾ ಬಂತು, ಜಾಗ ಬಿಡು.

ಇವರೆಲ್ಲ ಗಂಡಸರು. ಬಿಟ್ಟು ಹೋಗಲು ಅವರ ಕೈಯಲ್ಲಿ ರಾಜ್ಯವಿತ್ತು. ನರೆ ಕಂಡು ತಾನೇ ಒಂದು ತೀರ್ಮಾನಕ್ಕೆ ಬರುವ ರಾಣಿ ನಾನು ಪಾಠ ಮಾಡಿದ ಯಾವ ಕಾವ್ಯದಲ್ಲೂ ಇಲ್ಲ. ಹಳೆಯ ಸಾಹಿತ್ಯದಲ್ಲಿ ತನ್ನ ನರೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದ ಹೆಣ್ಣೆಂದರೆ ನನಗೆ ನೆನಪಾಗುವುದು ‘ಥೇರೀಗಾಥೆ’ಯ ಅಂಬಪಾಲಿ. ವೈಶಾಲಿಯ ಹೆಸರಾಂತ ಗಣಿಕೆಯಾಗಿದ್ದು ಮುಂದೆ ಭಿಕ್ಷುಣಿಯಾದವಳು. ಮುಡಿಯಿಂದ ಪಾದದವರೆಗೆ ತನ್ನ ಒಂದೊಂದು ಅಂಗವನ್ನೂ ಹಿಂದೆ ಹೇಗಿತ್ತು, ಈಗ ಹೇಗಾಗಿದೆ ಎಂದು ಹೇಳುತ್ತಾ ಹೋಗುತ್ತಾಳೆ. ದುಂಬಿಯ ಬಣ್ಣದ ಗುಂಗುರು ಕೂದಲು ಸೆಣಬಿನ ನಾರಿನಂತಾಗಿದೆ ಎಂದು ಅವಳೇ ಹೇಳಿಕೊಳ್ಳುವ ಧೈರ್ಯ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಆದರೆ ಅವಳೂ ಹೊರಟವಳೇ. ಹೊರಟ ಮೇಲೆ ಹಾಡಿದವಳು.

ಹೊರಡಲು ಒಲ್ಲದವರೂ ಇದ್ದರು. ಅವರಿಗಾಗಿ ಬರೆದವನು ವರಾಹಮಿಹಿರ. ಆರನೆಯ ಶತಮಾನದ ಅವನ ‘ಬೃಹತ್ಸಂಹಿತೆ’ಯಲ್ಲಿ ಗ್ರಹ, ಮಳೆ, ಮನೆ, ರತ್ನಗಳ ಜೊತೆಗೆ ಸುಗಂಧ ದ್ರವ್ಯಗಳ ಒಂದು ಅಧ್ಯಾಯವೂ ಇದೆ. ಅದು ಶುರುವಾಗುವುದೇ ತಲೆಗೆ ಕಪ್ಪು ಹಚ್ಚುವ ವಿಧಾನದಿಂದ. ಬಿಳಿ ತಲೆಯವನಿಗೆ ಹೂಮಾಲೆ, ಗಂಧ, ಧೂಪ, ಬಟ್ಟೆ, ಒಡವೆ ಯಾವುದೂ ಒಪ್ಪುವುದಿಲ್ಲ. ಆದ್ದರಿಂದ ಕಣ್ಣಿಗೆ ಕಾಡಿಗೆಯ ಹಾಗೆ ಕೂದಲಿಗೂ ಬಣ್ಣ ಬೇಕು ಎಂದು ಕಾರಣ ಕೊಟ್ಟು ಕ್ರಮ ಹೇಳುತ್ತಾನೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿಗಂಜಿ ಹಾಕಿ, ಕಬ್ಬಿಣದ ಪುಡಿಯೊಂದಿಗೆ ಬೇಯಿಸಬೇಕು. ನುಣ್ಣಗೆ ಅರೆದು ತಲೆಗೆ ಮೆತ್ತಿ, ಹಸಿ ಎಲೆ ಸುತ್ತಿಕೊಂಡು ಎರಡು ಜಾವ ಕೂರಬೇಕು. ಆಮೇಲೆ ಅದನ್ನು ತೆಗೆದು ನೆಲ್ಲಿಕಾಯಿ ಗೊಜ್ಜು ಮೆತ್ತಿ, ಮತ್ತೆ ಎಲೆ ಸುತ್ತಿ, ಇನ್ನೆರಡು ಜಾವ. ತೊಳೆದರೆ ತಲೆ ಕಪ್ಪು. ಒಂದು ಜಾವಕ್ಕೆ ಮೂರು ಗಂಟೆ. ಒಟ್ಟು ಹನ್ನೆರಡು ಗಂಟೆ. ಕಬ್ಬಿಣ ಮತ್ತು ಹುಳಿಯ ವಾಸನೆ ಹೋಗಲಿಕ್ಕೆ ಪರಿಮಳದ ಎಣ್ಣೆ ಹಚ್ಚಿ ಮೀಯಬೇಕು. ಇಷ್ಟೆಲ್ಲ ಆದ ಮೇಲೆ ದೊರೆ ಹೋಗಬೇಕಾದದ್ದು ಎಲ್ಲಿಗೆ? ಅಂತಃಪುರಕ್ಕೆ, ರಾಜ್ಯಸುಖ ಅನುಭವಿಸಲಿಕ್ಕೆ. ಮಖಾದೇವ ಕಾಡಿಗೆ ನಡೆದ, ವರಾಹಮಿಹಿರನ ದೊರೆ ಕಪ್ಪು ಹಚ್ಚಿಕೊಂಡು ಅರಮನೆಯಲ್ಲೇ ಉಳಿದ. ನರೆ ಬಂದವರ ಮುಂದೆ ಶತಮಾನಗಳ ಕಾಲ ಇದ್ದದ್ದು ಈ ಎರಡೇ ಬಾಗಿಲು: ಹೋಗು, ಇಲ್ಲವೇ ಮುಚ್ಚಿಕೋ.

ಆ ವಿಧಾನದ ಹಿಂದಿನ ವಿದ್ಯೆ ಗಟ್ಟಿಯಾದದ್ದು. ನೆಲ್ಲಿಕಾಯಿಯ ಒಗರು ಕಬ್ಬಿಣದೊಂದಿಗೆ ಸೇರಿದರೆ ಅಚ್ಚ ಕಪ್ಪು ಹುಟ್ಟುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದೇ ಗುಟ್ಟಿನಿಂದ. ಇವತ್ತಿಗೂ ನಮ್ಮ ಹೆಂಗಸರು ಮದರಂಗಿ ಪುಡಿಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಕಲಸಿ ರಾತ್ರಿಯಿಡೀ ಕಬ್ಬಿಣದ ಬಾಣಲೆಯಲ್ಲೇ ಬಿಡುತ್ತಾರೆ. ಸ್ಟೀಲ್ ಪಾತ್ರೆಯಲ್ಲಿ ಕಲಸಿದರೆ ಆ ಗಾಢ ಬಣ್ಣ ಬರುವುದಿಲ್ಲ ಎಂಬುದು ಅವರ ಕೈ ಬಲ್ಲ ಜ್ಞಾನ.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಗೆ ಕಬ್ಬಿಣದ ಬಾಣಲೆ ಇದ್ದದ್ದು ಗರಗದ ಎಣ್ಣೆ ಕಾಯಿಸಲಿಕ್ಕೆ. ಗರಗ ಗದ್ದೆಯ ಬದುವಿನಲ್ಲಿ, ನೀರು ನಿಲ್ಲುವಲ್ಲಿ ತಾನಾಗಿ ಏಳುವ ಗಿಡ. ಪುಟ್ಟ ಬಿಳಿ ಹೂ, ಜಜ್ಜಿದರೆ ಕೈ ಕಪ್ಪಾಗುವ ಎಲೆ. ರಸ ಹಿಂಡಿ ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುವುದು. ನೀರಿನಂಶ ಇರುವವರೆಗೂ ಎಣ್ಣೆ ಚಟಪಟ ಅನ್ನುತ್ತಲೇ ಇರುತ್ತದೆ. ಸದ್ದು ನಿಂತು, ತಳದಲ್ಲಿ ಕೂತ ಗಸಿ ಬೆರಳಿಗೆ ಮರಳು ಮರಳಾಗಿ ಸಿಕ್ಕರೆ ಹದ. ಅದೇ ಗರಗದ ರಸದಲ್ಲಿ ಬಟ್ಟೆ ನೆನೆಸಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆ ದೀಪಕ್ಕಿಟ್ಟು ಮನೆಯ ಮಕ್ಕಳಿಗೆಲ್ಲ ಕಾಡಿಗೆ ಹಿಡಿಯುತ್ತಿದ್ದಳು. ಗರಗದ ಎಣ್ಣೆ ಬಿಳಿ ಕೂದಲನ್ನು ಕಪ್ಪು ಮಾಡುವುದಿಲ್ಲ. ಅಜ್ಜಿಯ ತಲೆ ನಾನು ಕಾಣುವ ಹೊತ್ತಿಗೆ ಬೆಳ್ಳಗಿತ್ತು. ಆದರೆ ಆ ಎಣ್ಣೆ ತಿಕ್ಕಿಸಿಕೊಂಡ ರಾತ್ರಿಯ ನಿದ್ದೆ ಎಂಥದು ಎಂಬುದು ನನಗೆ ಗೊತ್ತು.

ಅಜ್ಜಿಯ ಬಿಳಿ ತಲೆಯ ಹಿಂದೆ ಕಪ್ಪು ತುರುಬಿತ್ತು. ಅದು ಚೌರಿ. ಆಗಿನ ಹೆಂಗಸರು ಬಾಚುವಾಗ ಉದುರಿದ ಕೂದಲನ್ನು ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಯಲ್ಲೋ ಮಾಡಿನ ಜಂತಿಯಲ್ಲೋ ಸಿಕ್ಕಿಸಿಡುತ್ತಿದ್ದರು. ಸಾಕಷ್ಟು ಸೇರಿದ ಮೇಲೆ ಬಿಡಿಸಿ, ತೊಳೆದು, ಚೌರಿ ಕಟ್ಟಿಸುವುದು. ಹಾಗಾಗಿ ಅರವತ್ತು ದಾಟಿದ ಹೆಂಗಸು ಮುಡಿಗೆ ಸೇರಿಸಿಕೊಳ್ಳುತ್ತಿದ್ದದ್ದು ಎಷ್ಟೋ ಸಲ ಅವಳದೇ ಮೂವತ್ತರ ಕೂದಲು. ಎದುರಿನಿಂದ ಬಿಳಿ, ಹಿಂದಿನಿಂದ ಕಪ್ಪು. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ, ಯಾರಿಗೂ ಅದು ವಿಚಿತ್ರವಾಗಿ ಕಾಣುತ್ತಲೂ ಇರಲಿಲ್ಲ. ಎರಡು ವಯಸ್ಸನ್ನು ಒಂದೇ ಗಂಟಿನಲ್ಲಿ ಕಟ್ಟಿ, ಮೇಲೊಂದು ಅಬ್ಬಲಿಗೆ ದಂಡೆ ಸಿಕ್ಕಿಸಿ, ಮದುವೆ ಮನೆಯಲ್ಲಿ ಅಜ್ಜಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ನಾನು ಕಂಡ ಅಲಂಕಾರಗಳಲ್ಲಿ ಅಷ್ಟು ಚೆಂದದ್ದು ಕಡಿಮೆ.

ಆದರೆ ಅಜ್ಜಿಯ ಅಕ್ಕ ಆ ಸಾಲಿನಲ್ಲಿ ಇರುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಗಂಡ ತೀರಿಕೊಂಡಿದ್ದ ಅವಳದು ಮಡಿ ಹೆಂಗಸಿನ ಬಾಳು: ಬೋಳು ತಲೆ, ಕೆಂಪು ಸೀರೆ, ಒಳಮನೆ. ಆ ಪದ್ಧತಿಯ ಕ್ರೌರ್ಯವನ್ನು ತೀರ್ಥಹಳ್ಳಿಯವರೇ ಆದ ಎಂ.ಕೆ. ಇಂದಿರಾ 1976ರ ‘ಫಣಿಯಮ್ಮ’ ಕಾದಂಬರಿಯಲ್ಲಿ ಬರೆದಿಟ್ಟಿದ್ದಾರೆ. ನರೆಯ ಚರಿತ್ರೆ ಬರೆಯುವವರು ಈ ತಲೆಗಳನ್ನು ಬಿಟ್ಟು ಬರೆಯಬಾರದು. ನಮ್ಮ ದೊಡ್ಡಜ್ಜಿಯ ಕೂದಲು ಯಾವ ವಯಸ್ಸಿನಲ್ಲಿ ನರೆಯಿತು ಎಂಬುದು ಯಾರಿಗೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ. ಕೂದಲು ಹಣ್ಣಾಗುವುದನ್ನು ತಾನೇ ನೋಡುವುದು, ಅದನ್ನು ಬಾಚಿ ಕಟ್ಟುವುದು, ಅದಕ್ಕೊಂದು ಹೂ ಮುಡಿಯುವುದು ನಮ್ಮಂಥ ಮನೆಗಳ ಹೆಂಗಸರಿಗೆ ಇತ್ತೀಚಿನವರೆಗೆ ಹಕ್ಕಾಗಿರಲಿಲ್ಲ. ಗಂಡ ಬದುಕಿರುವವರೆಗೆ ಸಿಗುತ್ತಿದ್ದ ಭಾಗ್ಯವಾಗಿತ್ತು. ಕನ್ನಡಿಯ ಮುಂದೆ ನಿಂತಾಗ ನನಗೆ ಇದು ನೆನಪಾಗುತ್ತದೆ.

ಬೇರೆ ದಾರಿಯವರೂ ನಮ್ಮ ನಡುವೆಯೇ ಇದ್ದರು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಗಡ್ಡಕ್ಕೆ ಮದರಂಗಿ ಹಚ್ಚಿದ ಸಾಬರ ಹಿರಿಯರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನರೆಗೆ ಮದರಂಗಿಯ ಕೆಂಪು ಒಪ್ಪಿತ, ಅಚ್ಚ ಕಪ್ಪು ಒಪ್ಪಿತವಲ್ಲ ಎಂಬ ನಂಬಿಕೆ ಅವರ ಸಂಪ್ರದಾಯದಲ್ಲಿ ಬಲವಾಗಿದೆ. ಬಣ್ಣ ಹಚ್ಚಿರುವುದು ದೂರದಿಂದಲೇ ಕಾಣಬೇಕು, ವಯಸ್ಸೂ ಕಾಣಬೇಕು. ಆ ಕೆಂಪು ಗಡ್ಡಕ್ಕೆ ಒಂದು ಗತ್ತಿತ್ತು.

ಮನೆಮನೆಗೆ ಕಪ್ಪು ತಂದದ್ದು ಕಲ್ಲಿದ್ದಲ ಡಾಂಬರು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ರಸಾಯನ ವಿಜ್ಞಾನಿಗಳು ಡಾಂಬರಿನಿಂದ ಒಂದಾದ ಮೇಲೊಂದು ಬಣ್ಣ ತೆಗೆದರು. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ನೇರಳೆ ಬಣ್ಣ ಕಂಡುಹಿಡಿದ. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು, ನಮ್ಮ ದೇಶದ ನೀಲಿ ಬೆಳೆ ನೆಲಕಚ್ಚಿತು. ಆ ಬಣ್ಣಗಳ ಬಳಗದ್ದೇ ಒಂದು ಪದಾರ್ಥ ಪ್ಯಾರಾಫಿನೈಲೀನ್‌ಡಯಮಿನ್, ಚಿಕ್ಕದಾಗಿ ಪಿಪಿಡಿ. ಕೂದಲಿಗೆ ಅದನ್ನು ಬಳಸುವ ಹಕ್ಕುಪತ್ರ ಫ್ರಾನ್ಸಿನಲ್ಲಿ 1883ರಲ್ಲಿ ಆಯಿತು. 1907ರಲ್ಲಿ ಪ್ಯಾರಿಸಿನ ತರುಣ ರಸಾಯನ ವಿಜ್ಞಾನಿ ಯುಜೀನ್ ಶ್ಯುಲರ್ ಕೂದಲ ಬಣ್ಣ ತಯಾರಿಸಿ ಕೇಶಾಲಂಕಾರದವರಿಗೆ ಮಾರತೊಡಗಿದ. 1909ರಲ್ಲಿ ಅವನು ಕಟ್ಟಿದ ಕಂಪನಿಯೇ ಮುಂದೆ ಲೊರಿಯಾಲ್ ಆಯಿತು. ಅದಕ್ಕೆ ಅವನು ಮೊದಲು ಇಟ್ಟ ಹೆಸರಿನಲ್ಲೇ ‘ಅಪಾಯವಿಲ್ಲದ ಕೂದಲ ಬಣ್ಣ’ ಎಂಬ ಭರವಸೆ ಇತ್ತು. ಅಂದರೆ ಜನಕ್ಕೆ ಭಯವಿತ್ತು. ಭಯಕ್ಕೆ ಕಾರಣವೂ ಇತ್ತು: ಪಿಪಿಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಡಬ್ಬಿಯ ಮೇಲೆ, ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡಿ ಎಂದು ಈಗಲೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದು ಅದಕ್ಕೇ.

ಅಮೆರಿಕದಲ್ಲಿ ಈ ಬಣ್ಣ ಮನೆಯ ಬಚ್ಚಲಿಗೆ ಬಂದದ್ದು ಕ್ಲೇರಾಲ್ ಕಂಪನಿಯಿಂದ. 1956ರಲ್ಲಿ ಶರ್ಲಿ ಪೊಲಿಕಾಫ್ ಎಂಬ ಹೆಣ್ಣುಮಗಳು ಅದಕ್ಕೆ ಜಾಹೀರಾತು ಬರೆದಳು. ಇವಳು ಬಣ್ಣ ಹಚ್ಚಿದ್ದಾಳೋ ಇಲ್ಲವೋ, ಕೂದಲು ಬಾಚುವವಳಿಗೆ ಮಾತ್ರ ಗೊತ್ತು ಎಂಬುದು ಅದರ ಧಾಟಿ. ಬಣ್ಣ ಹಚ್ಚಿಕೊಂಡರೆ ಜನ ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಗುಟ್ಟು ಕಾಯುತ್ತೇವೆ ಎಂಬ ಮಾತೇ ಲಕ್ಷಾಂತರ ಹೆಂಗಸರಿಗೆ ಧೈರ್ಯ ಕೊಟ್ಟಿತು. ಅವರಿಗೆ ಅದೊಂದು ಬಿಡುಗಡೆಯೂ ಆಗಿದ್ದಿರಬಹುದು. ಕೆಲಸಕ್ಕೆ ಹೋಗುವ ಹೆಣ್ಣಿಗೆ ವಯಸ್ಸು ಕಂಡರೆ ಕೆಲಸವೇ ಹೋಗುವ ಭಯವಿತ್ತು. ಗುಟ್ಟಿನ ಇನ್ನೊಂದು ಮುಖವೆಂದರೆ, ಒಮ್ಮೆ ಹಚ್ಚಿದವಳು ನಿಲ್ಲಿಸುವಂತಿಲ್ಲ.

ನಮ್ಮ ಕಡೆ ವಾಸ್ಮೋಲ್ ಬಂತು, ಗೋದ್ರೆಜ್ ಬಂತು. ಮೊದಮೊದಲು ಪೇಟೆಯ ಸಾಹುಕಾರರ, ಸಿನಿಮಾದವರ ವಸ್ತುವಾಗಿದ್ದದ್ದು ಪುಡಿಯ ಸಣ್ಣ ಪ್ಯಾಕೆಟ್ಟಾದ ಮೇಲೆ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಶಾಂಪೂ ಸರದ ಪಕ್ಕದಲ್ಲಿ ನೇತಾಡಿತು. ಕಟಿಂಗ್ ಶಾಪಿನಲ್ಲಿ “ಕಟಿಂಗಾ, ಶೇವಿಂಗಾ, ಡೈಯಾ ಸಾರ್?” ಎನ್ನುವ ಮಾತು ವಾಡಿಕೆಯಾಯಿತು. ಮಖಾದೇವನ ಕ್ಷೌರಿಕ ನರೆ ಕಂಡರೆ ತಿಳಿಸಲು ನೇಮಕವಾದವನು. ನಮ್ಮೂರಿನ ಕ್ಷೌರಿಕ ಅದನ್ನು ಕಾಣದಂತೆ ಮಾಡಿಕೊಡುವವನಾದ.

ಹೆಂಗಸರ ಡೈ ನಡೆಯುತ್ತಿದ್ದದ್ದು ಮನೆಯೊಳಗೆ, ಭಾನುವಾರ ಮಧ್ಯಾಹ್ನ. ನಮ್ಮ ಮನೆಯದನ್ನೇ ಹೇಳುತ್ತೇನೆ. ಹಳೆಯ ನೈಟಿ, ಹೆಗಲಿಗೆ ಹರಿದ ಟವೆಲ್, ನೆಲಕ್ಕೆ ನ್ಯೂಸ್ ಪೇಪರ್. ಕಿವಿ ಮುರಿದ ಪ್ಲಾಸ್ಟಿಕ್ ಬಟ್ಟಲು, ಎಸೆಯಬೇಕಾಗಿದ್ದ ಟೂತ್ ಬ್ರಷ್. ಹಣೆಯ ಅಂಚಿಗೆ, ಕಿವಿಯ ತುದಿಗೆ ವ್ಯಾಸಲೀನ್. ಪುಡಿಗೆ ನೀರು ಬಿದ್ದ ಕೂಡಲೇ ಮೊದಲು ಹಸಿರು ಮಿಶ್ರಿತ ಕಂದು, ನೋಡನೋಡುತ್ತಲೇ ಕಪ್ಪು. ಮೂಗಿಗೆ ಚುಚ್ಚುವ ಆ ವಾಸನೆ. ಬೈತಲೆಯಿಂದ ಶುರುಮಾಡಿ ಕೆನ್ನೆಯ ಪಕ್ಕ, ಆಮೇಲೆ ಕತ್ತಿನ ಹಿಂದೆ. ಅಲ್ಲಿಗೆ ಕೈ ಎಟುಕದ್ದಕ್ಕೆ ಮಗಳನ್ನು ಕರೆಯುವುದು. “ಅಮ್ಮಾ, ಇಲ್ಲಿ ಬಿಟ್ಟಿದೀಯ” ಎಂದು ಅವಳು ಬೆರಳಿಟ್ಟು ತೋರಿಸುವುದು. ಬಚ್ಚಲ ಮನೆಯ ಬಿಳಿ ಟೈಲ್ಸಿನ ಸಂದಿಯಲ್ಲಿ ಕೂತ ಕಲೆ ಯಾವ ಆಸಿಡ್ಡಿಗೂ ಹೋಗಲಿಲ್ಲ. ಮೂರನೆಯ ವಾರಕ್ಕೆ ಬೈತಲೆಯುದ್ದಕ್ಕೂ ಬಿಳಿ ಗೆರೆ. ಮದುವೆ, ಮುಂಜಿ, ಗೃಹಪ್ರವೇಶದ ಕರೆಯೋಲೆ ಬಂದರೆ ಮೊದಲು ಲೆಕ್ಕ ಹಾಕುತ್ತಿದ್ದದ್ದು ಆ ಗೆರೆಯನ್ನೇ. ಕೊನೆಕೊನೆಗೆ ನೆತ್ತಿ ಉರಿಯತೊಡಗಿ, ಕಿವಿಯ ಹಿಂದೆ ಗುಳ್ಳೆ ಎದ್ದು, ಚರ್ಮದ ಡಾಕ್ಟರು ಡೈ ನಿಲ್ಲಿಸಲೇಬೇಕು ಎಂದರು.

ನಿಲ್ಲಿಸಿದಾಗ ಎದುರಾದ ಮಾತುಗಳಲ್ಲೂ ಹಳೆಯ ಚರಿತ್ರೆ ಇತ್ತು. “ಹುಷಾರಿಲ್ವಾ?” “ಮನೇಲಿ ಏನಾದ್ರೂ ಯೋಚ್ನೇನಾ?” ಎಂದು ಕೇಳಿದವರಿಗೆ ಗೊತ್ತಿರಲಿಲ್ಲ, ಸುಶ್ರುತ ಸಂಹಿತೆಯೂ ಇದನ್ನೇ ಹೇಳುತ್ತದೆ ಎಂದು: ಸಿಟ್ಟು, ದುಃಖ, ದಣಿವುಗಳಿಂದ ಮೈಯ ಬಿಸಿ ತಲೆಗೇರಿ, ಪಿತ್ತ ಕೂದಲನ್ನು ಹಣ್ಣು ಮಾಡುತ್ತದೆ. ಈಗಿನ ವೈದ್ಯರು ಕೂದಲ ಬುಡದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಕ್ಷೀಣಿಸುವುದರಿಂದ ಹೀಗಾಗುತ್ತದೆ, ಯಾರಿಗೆ ಯಾವಾಗ ಎಂಬುದು ಬಹುಮಟ್ಟಿಗೆ ವಂಶದಿಂದ ಬರುತ್ತದೆ ಎನ್ನುತ್ತಾರೆ. ಆದರೆ ಕೇಳುವ ದನಿಯಲ್ಲಿ ಒಂದು ವ್ಯತ್ಯಾಸವಿತ್ತು. ನನ್ನ ವಯಸ್ಸಿನ ಸಹೋದ್ಯೋಗಿ ಮೇಷ್ಟ್ರ ಕೆನ್ನೆಗೂದಲು ನರೆತಾಗ “ಸಾರ್‌ಗೆ ಒಂದು ಕಳೆ ಬಂತು” ಎಂದವರೇ ನನಗೆ “ಪಾಪ, ಸೊರಗಿಹೋಗಿದೀರಿ” ಎಂದರು. ತಲೆ ನರೆತ ಮಾತ್ರಕ್ಕೆ ಯಾರೂ ಹಿರಿಯನಾಗುವುದಿಲ್ಲ, ಓದಿದವನು ತರುಣನಾದರೂ ಹಿರಿಯನೇ ಎಂದು ಮನುಸ್ಮೃತಿಯಲ್ಲೇ ಒಂದು ಕಡೆ ಇದೆ, ‘ಧಮ್ಮಪದ’ವೂ ನರೆಯೊಂದರಿಂದಲೇ ಯಾರೂ ಥೇರ, ಅಂದರೆ ಹಿರಿಯ ಭಿಕ್ಷು, ಆಗುವುದಿಲ್ಲ ಎನ್ನುತ್ತದೆ. ನರೆ ಗಂಡಸಿಗೆ ಪುಕ್ಕಟೆಯಾಗಿ ಹಿರಿತನ ತಂದುಕೊಡುವುದನ್ನು ಆ ಕಾಲದವರೂ ಕಂಡಿದ್ದರು ಎಂದು ನಾನು ಓದಿಕೊಳ್ಳುತ್ತೇನೆ. ಹೆಣ್ಣಿನ ನರೆಗೆ ಆ ಪುಕ್ಕಟೆ ಗೌರವವೂ ಇರಲಿಲ್ಲ.

ಆದರೂ ಎದುರಿಗೆ ಕೆಲವು ತಲೆಗಳಿದ್ದವು. ಮಲೆನಾಡಿನ ನನ್ನ ತಲೆಮಾರಿನವರು ಮರೆಯಲಾರದ್ದು ಇಂದಿರಾ ಗಾಂಧಿಯವರ ಬಿಳಿ ಪಟ್ಟೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಅದು ನಮ್ಮ ಪಕ್ಕದ ಕೊಪ್ಪ, ಶೃಂಗೇರಿಯ ಗೋಡೆಗೋಡೆಯ ಮೇಲೂ ಬಂತು. ಅವರ ರಾಜಕೀಯವನ್ನು ಒಪ್ಪದವರೂ ಆ ಪಟ್ಟೆಯನ್ನು ನೋಡುತ್ತಿದ್ದರು. ಅರವತ್ತು ದಾಟಿದ ಹೆಣ್ಣು, ತುರ್ತುಪರಿಸ್ಥಿತಿಯ ನಂತರ ಸೋತವರು, ಮತ್ತೆ ಗೆಲ್ಲಲು ಬಂದಿದ್ದರು. ಶಿವರಾಮ ಕಾರಂತರ ಬೆಳ್ಳಿಯಂಥ ತಲೆಯನ್ನು ಕಂಡ ನಾಡು ಇದು. ಗಂಗೂಬಾಯಿ ಹಾನಗಲ್ಲರು ನರೆತ ತಲೆಯಲ್ಲಿ ವೇದಿಕೆಗೆ ಬಂದು ಕೂತರೆ, ಆ ಗಂಭೀರ ದನಿ ಬರುವುದಕ್ಕೆ ಮೊದಲೇ ಸಭೆ ನೆಟ್ಟಗೆ ಕೂರುತ್ತಿತ್ತು. ಸುಧಾ ಮೂರ್ತಿಯವರು ನರೆಗೂದಲನ್ನು ಹಾಗೇ ಬಿಟ್ಟು, ಹೂ ಮುಡಿದು ದೇಶವಿದೇಶದ ಸಭೆಗಳಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರಾಗಿದ್ದ ರಜನೀಕಾಂತ್ ತೆರೆಯ ಮೇಲೆ ಕಪ್ಪು ತಲೆಯಲ್ಲಿ ಕುಣಿದು, ತೆರೆಯ ಹೊರಗೆ ಬೋಳು ನೆತ್ತಿ, ಬಿಳಿ ಗಡ್ಡದಲ್ಲೇ ಓಡಾಡುವುದನ್ನು ಅಭಿಮಾನಿಗಳು ಒಪ್ಪಿಕೊಂಡಿದ್ದಾರೆ. 2011ರ ತಮಿಳು ಚಿತ್ರ ‘ಮಂಕಾತ’ದಲ್ಲಿ ಅಜಿತ್ ನರೆಗೂದಲಲ್ಲೇ ನಾಯಕನಾದ ಮೇಲಂತೂ ಕಾಲೇಜಿನ ಹುಡುಗರ ಬಾಯಲ್ಲಿ ‘ಸಾಲ್ಟ್ ಅಂಡ್ ಪೆಪ್ಪರ್’ ಹೊಗಳಿಕೆಯ ಮಾತಾಯಿತು. ಬೆಳ್ಳಿತೆರೆಯಲ್ಲಿ ಅದೇ ನರೆಯ ನಾಯಕಿಗೆ ಇನ್ನೂ ಕಾಯಬೇಕಾಗಿದೆ. ಇದು ನನ್ನ ತಕರಾರು, ಬಲವಾದ ತಕರಾರು.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಕಟಿಂಗ್ ಶಾಪು, ಬ್ಯೂಟಿ ಪಾರ್ಲರುಗಳು ಮೇ ತಿಂಗಳ ಮೂರನೆಯ ವಾರದವರೆಗೂ ಬಾಗಿಲು ತೆರೆಯಲಿಲ್ಲ. ಎಷ್ಟೋ ಕ್ಷೌರಿಕ ಕುಟುಂಬಗಳು ಉಣ್ಣಲು ಕಷ್ಟಪಟ್ಟ ಕೆಟ್ಟ ದಿನಗಳವು. ಅದೇ ದಿನಗಳಲ್ಲಿ ಆನ್‌ಲೈನ್ ಪಾಠದ ಪರದೆಯ ಮೇಲೆ ಸಹೋದ್ಯೋಗಿಗಳ ಬೈತಲೆಗಳು ಒಂದೊಂದಾಗಿ ಬೆಳ್ಳಗಾಗತೊಡಗಿದವು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಿಗೆ ಒಂದು ಬೆರಳಗಲ ಬಿಳಿ ಎಲ್ಲರದ್ದೂ ಎಲ್ಲರಿಗೂ ಕಂಡುಬಿಟ್ಟಿತು. ಗುಟ್ಟೇ ಇಲ್ಲದ ಮೇಲೆ ಕಾಯುವುದೇನು? ಅಂಗಡಿ ತೆರೆದಾಗ ಹಲವರು ಮತ್ತೆ ಹೋದರು. ಕೆಲವರು ಹೋಗಲಿಲ್ಲ. ನಾನು ಅದಕ್ಕೆ ಮೊದಲೇ ನಿಲ್ಲಿಸಿದ್ದರಿಂದ, ನಮ್ಮ ಸ್ಟಾಫ್ ರೂಮಿನಲ್ಲಿ ಆಮೇಲೆ ನನಗೆ ಜೊತೆ ಸಿಕ್ಕಿತು.

ನಿಲ್ಲಿಸುವುದು ಸುಲಭ, ಆಮೇಲಿನ ಎರಡು ಬಣ್ಣದ ಕಾಲ ಕಷ್ಟದ್ದು. ಸೊಂಟದವರೆಗಿನ ಕೂದಲು ಪೂರ್ತಿ ತನ್ನ ಬಣ್ಣಕ್ಕೆ ಬರಲು ವರ್ಷಗಳು ಬೇಕು. ನಾನು ಭುಜದವರೆಗೆ ಕತ್ತರಿಸಿಕೊಂಡೆ. ಅಮ್ಮ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಹೆಣ್ಣಿನ ಜಡೆಗೆ ಕತ್ತರಿ ಅಂದರೆ ಅವಳಿಗೆ ತನ್ನ ದೊಡ್ಡಮ್ಮನ, ಅಂದರೆ ನಮ್ಮ ದೊಡ್ಡಜ್ಜಿಯ, ನೆನಪು. ಅವಳ ಸಂಕಟ ನನಗೆ ಅರ್ಥವಾಗಿತ್ತು, ಹತ್ತಿರ ಕೂತು ಮಾತಾಡಿ ಸಮಾಧಾನ ಮಾಡಿದೆ. ಬಿಳಿ ಕೂದಲಿನ ಆರೈಕೆಯೇ ಬೇರೆ ಎಂಬುದು ಆಮೇಲೆ ಕಲಿತದ್ದು. ಅದು ಒರಟು, ಬೇಗ ಒಣಗುತ್ತದೆ, ಎಣ್ಣೆ ಕೇಳುತ್ತದೆ. ನಮ್ಮ ಬೋರ್‌ವೆಲ್ ನೀರಿನ ಕಬ್ಬಿಣದಂಶಕ್ಕೆ ಹಳದಿ ತಿರುಗುತ್ತದೆ, ಆದ್ದರಿಂದ ತಲೆಗೆ ಮಳೆನೀರು, ಇಲ್ಲವೇ ನಲ್ಲಿನೀರು. ಸೀಗೆಪುಡಿ ಬಿಳಿಗೆ ಮಾಸಲು ಛಾಯೆ ಕೊ‌ಡುವುದರಿಂದ ನಾನು ಅಂಟುವಾಳಕ್ಕೆ ಬದಲಾದೆ.

ಸೀರೆಯ ಬಣ್ಣವೂ ಬದಲಾಯಿತು. ಕಪ್ಪು ತಲೆಯಿದ್ದಾಗ ಒಪ್ಪುತ್ತಿದ್ದ ತಿಳಿ ಕೆನೆ, ಬೂದು ಬಣ್ಣಗಳು ಈಗ ಮುಖವನ್ನು ಸಪ್ಪೆ ಮಾಡುತ್ತವೆ. ನರೆ ಗಾಢ ಬಣ್ಣವನ್ನು ಬೇಡುತ್ತದೆ. ಇಳಕಲ್ಲಿನ ದಾಳಿಂಬೆ ಕೆಂಪಿಗೆ ಟೋಪಿ ತೆನೆ ಸೆರಗು, ಮೈಸೂರು ರೇಷ್ಮೆಯ ನವಿಲು ಹಸಿರು, ಕಡು ನೇರಳೆ, ಇವುಗಳ ಪಕ್ಕದಲ್ಲಿ ಬೆಳ್ಳಿ ಕೂದಲು ಹೊಳೆಯುವಷ್ಟು ಕಪ್ಪು ಕೂದಲು ಹೊಳೆಯುವುದಿಲ್ಲ. ಮಲ್ಲಿಗೆ ಕಪ್ಪು ತುರುಬಿಗೆ ಚೆಂದ. ನರೆತ ತುರುಬಿಗೆ ಅಬ್ಬಲಿಗೆಯೇ ಆಗಬೇಕು, ಪೇಟೆಯಲ್ಲಿ ಕನಕಾಂಬರ ಎನ್ನುವ ಅದೇ ಹೂ. ಆ ಕಿತ್ತಳೆ ಬಿಳಿಯ ಮೇಲೆ ಉರಿಯುತ್ತದೆ. ವರಾಹಮಿಹಿರ ದೊಡ್ಡ ವಿದ್ವಾಂಸ, ನಾನು ಗೌರವದಿಂದಲೇ ಹೇಳುತ್ತೇನೆ: ಬಿಳಿ ತಲೆಗೆ ಹೂವೂ ಒಡವೆಯೂ ಒಪ್ಪುವುದಿಲ್ಲ ಎಂದದ್ದು ನಿಜವಲ್ಲ. ಅವನು ನಮ್ಮ ಅಜ್ಜಿಯನ್ನು ನೋಡಿರಲಿಲ್ಲ.

ಡೈ ಹಚ್ಚುವವರ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನ ತಂಗಿ ಹಚ್ಚುತ್ತಾಳೆ, ಅವಳಿಗೆ ಅದು ಒಪ್ಪುತ್ತದೆ. ಪಿಪಿಡಿ ಆಗದವರು ಮದರಂಗಿಯ ಮೇಲೆ ನೀಲಿ ಎಲೆಯ ಪುಡಿ ಹಚ್ಚಿ ಕಪ್ಪು ಮಾಡಿಕೊಳ್ಳುತ್ತಾರೆ. ಮದರಂಗಿ ಹೆಚ್ಚಾಗಿ ರಾಜಸ್ಥಾನದ ಸೋಜತ್ತಿನಿಂದ ಬರುತ್ತದೆ, ನೀಲಿ ತಮಿಳುನಾಡಿನ ತಿಂಡಿವನಂ ಕಡೆಯಿಂದ. ಡಾಂಬರಿನ ಬಣ್ಣ ಹೊಡೆದುರುಳಿಸಿದ ನೀಲಿ ಬೆಳೆ ಕೂದಲಿನ ನೆಪದಲ್ಲಿ ಒಂದಿಷ್ಟು ಹೊಲಗಳಿಗೆ ಮರಳಿದೆ ಎಂಬುದು ನನಗೆ ಸಂತೋಷದ ಸಂಗತಿ. ಬೇಕಾದವರು ಹಚ್ಚಲಿ, ಬೇಡವಾದವರು ಬಿಡಲಿ. ನಾನು ಕೇಳುತ್ತಿರುವುದು ಮೂರನೆಯ ಬಾಗಿಲು: ಮುಚ್ಚಿಕೊಳ್ಳದೆಯೂ ಅರಮನೆಯಲ್ಲೇ ಇರುವುದು. ತಲೆ ನರೆತ ಮೇಲೂ ಹೊಸ ಕೆಲಸಕ್ಕೆ ಅರ್ಜಿ ಹಾಕುವುದು, ಸಭೆಯಲ್ಲಿ ಮುಂದೆ ಕೂರುವುದು, ಗಾಢ ಬಣ್ಣ ಉಡುವುದು.

ಮೊನ್ನೆ ತಮ್ಮನ ಮಗಳ ಮದುವೆ. ಬೆಳಗಿನ ಜಾವ ಛತ್ರದ ಮೇಲಿನ ಕೋಣೆಗೆ ಮೇಕಪ್ಪಿನ ಹುಡುಗಿ ಪೆಟ್ಟಿಗೆ ಹಿಡಿದು ಬಂದಳು. ಮೊದಲೆಲ್ಲ ಇಂಥವರು ಹೇಳದೆ ಕೇಳದೆ ಮುಂದಲೆಗೆ ಕಪ್ಪು ಸ್ಪ್ರೇ ಹೊಡೆದುಬಿಡುತ್ತಿದ್ದರು. ಇವಳು ಹೆಗಲ ಮೇಲೆ ಕೈಯಿಟ್ಟು, “ಆಂಟಿ, ನಿಮ್ದು ಹಿಂಗೇ ಇರ್ಲಾ, ಕಪ್ಪು ಮಾಡ್ಲಾ?” ಎಂದು ಕೇಳಿದಳು. ಈಗೀಗ ಎಲ್ಲ ಮದುವೆಯಲ್ಲೂ ಕೇಳಿಯೇ ಮುಟ್ಟುತ್ತಾಳಂತೆ. ಕೆಲವರು ಬೇಡ ಅನ್ನುತ್ತಾರಂತೆ. “ಹಿಂಗೇ ಇರ್ಲಿ ಕಣೇ, ಅಬ್ಬಲಿಗೆ ದಂಡೆ ಮಾತ್ರ ಎರಡು ಸುತ್ತು ಬರ್ಲಿ” ಎಂದೆ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಬೀಗಿತ್ತಿ ಸ್ವಲ್ಪ ಹೊತ್ತು ನನ್ನ ತಲೆಯನ್ನೇ ನೋಡಿ, ಎಷ್ಟು ಉದ್ದಕ್ಕೆ ಕತ್ತರಿಸಿದಿರಿ, ಬಿಳಿಯೆಲ್ಲ ಕೆಳಗಿಳಿಯಲು ಎಷ್ಟು ಕಾಲ ಹಿಡಿಯಿತು ಎಂದು ಒಂದೊಂದಾಗಿ ವಿಚಾರಿಸತೊಡಗಿದರು.